ಡ್ಯೂಟಿ ಮುಗಿದ ಮೇಲೆ – 17: ರೂಮಿಗೂ ರಜೆ ಬೇಕು

ಮೊನ್ನೆ ಫೋನಿನಲ್ಲಿ ಚಿಕ್ಕಪ್ಪ ಕೇಳಿದರು, "ಆಗಸ್ಟಲ್ಲಿ ಮೂರು ವಾರ ರೂಮು ಖಾಲಿ ಬಿಡ್ತೀಯಂತೆ? ದುಡ್ಡು ಜಾಸ್ತಿ ಆಯ್ತೇನಮ್ಮ?" ತಮಾಷೆಗೇ ಕೇಳಿದ್ದು. ಆದರೂ ಉತ್ತರ ಇಲ್ಲೇ ಬರೆಯುತ್ತೇನೆ. ಸಕಲೇಶಪುರ, ಮೂಡಿಗೆರೆ ಕಡೆ ಹೋಮ್‌ಸ್ಟೇ ನಡೆಸುವ ನಮ್ಮ ಸ್ನೇಹಿತರಿಗೂ ಇದು ಸೇರಿದ ವಿಷಯ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಇಲ್ಲಿ ಯಾರ್ಕ್‌ನಲ್ಲಿ ನಮ್ಮ ಮನೆಯ ಮಹಡಿ ರೂಮನ್ನು ಏರ್‌ಬಿಎನ್‌ಬಿ ಮೂಲಕ ಬಾಡಿಗೆಗೆ ಕೊಡುತ್ತೇವೆ. ಇದು ಪ್ರವಾಸಿಗರ ಊರು. ಮಿನ್‌ಸ್ಟರ್ ಚರ್ಚು, ಹಳೇ ಕೋಟೆ ಗೋಡೆ ನೋಡಲು ವರ್ಷವಿಡೀ ಜನ ಬರುತ್ತಾರೆ. ಆಗಸ್ಟಿನ ಕುದುರೆ ರೇಸು, ನವೆಂಬರಿನಿಂದ ಕ್ರಿಸ್‌ಮಸ್ ಸಂತೆ ಬಂತೆಂದರೆ ರೂಮು ಖಾಲಿ ಇರುವುದೇ ಇಲ್ಲ.

ನನ್ನ ನರ್ಸ್ ಕೆಲಸಕ್ಕೆ ರಜೆಯ ಲೆಕ್ಕ ಇದೆ. ಎನ್‌ಎಚ್‌ಎಸ್‌ಗೆ ಸೇರಿದಾಗ ವರ್ಷಕ್ಕೆ 27 ದಿನ, 5 ವರ್ಷ ಆದ ಮೇಲೆ 29, 10 ವರ್ಷಕ್ಕೆ 33. ಬ್ಯಾಂಕ್ ಹಾಲಿಡೇ ಬೇರೆ. ರಜೆ ತೆಗೆದುಕೊಳ್ಳದಿದ್ದರೆ ಮ್ಯಾನೇಜರೇ ಕರೆದು ಕೇಳುತ್ತಾರೆ. ಆದರೆ ಮಹಡಿ ರೂಮಿಗೆ ಮ್ಯಾನೇಜರ್ ಯಾರೂ ಇಲ್ಲ. ರಜೆ ತಗೋ ಅಂತ ಹೇಳುವವರಿಲ್ಲ, ಬುಕಿಂಗ್ ಬಂತು ಅನ್ನುವ ಮೆಸೇಜ್ ಮಾತ್ರ ಬರುತ್ತಿರುತ್ತದೆ.

ಹೋದ ವರ್ಷ ಆಗಸ್ಟಿನಲ್ಲಿ ಅಮ್ಮ ಬಂದಿದ್ದರು. ಆಸ್ಪತ್ರೆಯಲ್ಲಿ ಮೂರು ವಾರ ರಜೆ ಹಾಕಿದೆ, ರೂಮಿಗೆ ಮಾತ್ರ ಹಾಕಲಿಲ್ಲ. ಹೇಗೂ ಮನೆಯಲ್ಲೇ ಇರ್ತೀನಲ್ಲ, ಎರಡೂ ಆಗುತ್ತೆ ಅಂದುಕೊಂಡೆ. ಆದದ್ದೇ ಬೇರೆ. ಬೆಳಿಗ್ಗೆ ಬೆಡ್‌ಶೀಟ್, ಟವೆಲ್ ಒಗೆಯುವುದು, ಬಾತ್‌ರೂಮ್ ತೊಳೆಯುವುದು, ಮಧ್ಯಾಹ್ನ ಹೊಸಬರಿಗೆ ಬೀಗದ ಕೈ ಕೊಡುವುದು. ಅಮ್ಮನಿಗೆ ವಿಟ್ಬಿಯಲ್ಲಿ ಸಮುದ್ರ ತೋರಿಸಬೇಕು ಅಂತ ಹೊರಟ ದಿನ, ಬೇಗ ಬರುತ್ತೇವೆ ಎಂದಿದ್ದ ಗೆಸ್ಟ್‌ಗಳ ರೈಲು ತಡವಾಯಿತು. ಕಾದು ಕಾದು ಸಂಜೆಯಾಯಿತು. ಸಮುದ್ರ ನೋಡದೇ ಅಮ್ಮ ಊರಿಗೆ ಹೋದರು.

ಅದಕ್ಕಿಂತ ನನ್ನನ್ನು ಚುಚ್ಚಿದ್ದು ಇನ್ನೊಂದು. ದಿನಾ ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು ಅಮ್ಮ ಮೆಲ್ಲಗೆ ಕೇಳೋರು, "ಮೇಲೆ ಯಾರಾದ್ರೂ ಇದಾರೇನೇ? ಒಗ್ಗರಣೆ ಹಾಕ್ಲಾ, ಬೇಡ್ವಾ?" ಮಗಳ ಮನೆಯಲ್ಲಿ ಇಂಗು ಸಾಸಿವೆಗೆ ಅಪ್ಪಣೆ ಕೇಳುವ ಹಾಗೆ ಮಾಡಿದ್ದೆ ನಾನು.

ಆಗ ರದ್ದು ಮಾಡಬಹುದಿತ್ತಲ್ಲ ಅನ್ನಬಹುದು. ಬಂದ ಬುಕಿಂಗನ್ನು ಮನೆಯವರೇ ರದ್ದು ಮಾಡಿದರೆ ದಂಡ ಇದೆ. 30 ದಿನಕ್ಕಿಂತ ಮೊದಲಾದರೆ ಬುಕಿಂಗ್ ಮೊತ್ತದ 10%, ಆಮೇಲೆ 25%, ಕೊನೆಯ 48 ಗಂಟೆಯೊಳಗಾದರೆ 50%. ಅದು ನ್ಯಾಯವೇ, ರೈಲು ಟಿಕೆಟ್ ಮಾಡಿಸಿದವರನ್ನು ಬೀದಿಯಲ್ಲಿ ನಿಲ್ಲಿಸಬಾರದು. ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ರಜೆಯನ್ನು ಬುಕಿಂಗ್ ಬರುವ ಮೊದಲೇ ಹಾಕಬೇಕು. ಉಳಿದ ದಿನಗಳಲ್ಲಿ ನೋಡೋಣ ಅಂದರೆ ದಿನಗಳು ಉಳಿಯುವುದೇ ಇಲ್ಲ.

ಈ ಸಲ ಜನವರಿಯಲ್ಲೇ, ಅಮ್ಮನ ಟಿಕೆಟ್ ಮಾಡಿಸುವ ಮೊದಲೇ, ಆ ಮೂರು ವಾರ ಬ್ಲಾಕ್ ಮಾಡಿದೆ. ಹಿಂದೊಂದು ದಿನ, ಮುಂದೊಂದು ದಿನ ಸೇರಿಸಿದ್ದೇನೆ. ಇಲ್ಲದಿದ್ದರೆ ರಜೆಯ ಮೊದಲ ದಿನ ಬಟ್ಟೆ ಒಗೆಯುವುದರಲ್ಲೇ ಹೋಗುತ್ತದೆ.

ನಷ್ಟ ಇಲ್ಲವೇ ಅಂದರೆ ಇದೆ. ಸಾವಿರ ಪೌಂಡಿಗೂ ಹೆಚ್ಚು, ನಮಗೆ ಸಣ್ಣ ಮೊತ್ತವಲ್ಲ. ಆದರೆ ನಾವಿರುವ ಮನೆಯಲ್ಲೇ ರೂಮು ಕೊಟ್ಟರೆ ಇಲ್ಲಿ ವರ್ಷಕ್ಕೆ 7,500 ಪೌಂಡ್‌ವರೆಗೆ ತೆರಿಗೆ ಇಲ್ಲ, ಅದರಾಚೆಗಿನ ದುಡ್ಡಿಗೆ ಇದೆ. ಉಳಿದ ತಿಂಗಳುಗಳಲ್ಲೇ ನಾವು ಅದರ ಹತ್ತಿರ ಬರುತ್ತೇವೆ. ಹಾಗಾಗಿ ಕೈಬಿಡುವುದು ಪೂರ್ತಿ ನಮ್ಮ ಜೇಬಿಗೆ ಬರುವ ದುಡ್ಡೂ ಅಲ್ಲ.

ಹೋಮ್‌ಸ್ಟೇ ಇಟ್ಟಿರುವ ಗೆಳತಿಯೊಬ್ಬಳು ಹೇಳಿದ್ದಳು, ದೀಪಾವಳಿಯ ದಿನ ಗೆಸ್ಟ್‌ಗಳ ಊಟ ಮುಗಿಸಿ ಮನೆಯವರು ಹೋಳಿಗೆ ತಿನ್ನುವಾಗ ಸಂಜೆ ನಾಲ್ಕು ಗಂಟೆ ಅಂತ. ಲಾಂಗ್ ವೀಕೆಂಡ್ ಬಿಡಲಾಗದು, ಒಪ್ಪುತ್ತೇನೆ. ಆದರೆ ವರ್ಷದಲ್ಲಿ ಒಂದು ಹಬ್ಬವಾದರೂ ಮನೆಯವರಿಗೆ ಇರಲಿ.

ಚಿಕ್ಕಪ್ಪಾ, ದುಡ್ಡು ಜಾಸ್ತಿ ಆಗಿಲ್ಲ. ಅಮ್ಮ ಬರ್ತಿದ್ದಾರೆ, ಅಷ್ಟೇ. ಹೋಮ್‌ಸ್ಟೇಯವರೇ, ನೀವು ಈ ವರ್ಷ ಯಾವ ವಾರ ಗೇಟಿಗೆ ಬೀಗ ಹಾಕ್ತೀರಿ? ಕಾಮೆಂಟಿನಲ್ಲಿ ಹೇಳಿ.