ಹುಲ್ಲು ಕತ್ತರಿಸುವ ಗಾಡಿಯ ಎಂಜಿನು

ನಮ್ಮ ನಾಡಿನ ಎಷ್ಟೋ ಕುಟುಂಬಗಳ ಮಕ್ಕಳು ಈಗ ಅಮೆರಿಕದಲ್ಲಿ ನೆಲಸಿ, ಅಲ್ಲಿಯೇ ಸ್ವಂತ ಮನೆಗಳನ್ನು ಕೊಂಡಿರುವರು. ಮನೆಯೊಡನೆ ಅರ್ಧ ಎಕರೆಯೋ ಒಂದು ಎಕರೆಯೋ ಹುಲ್ಲಿನ ಬಯಲೂ ಸೇರಿ ಬಂದಿತೆಂದರೆ ಗೃಹಸ್ಥನಿಗೆ ಹೊಸದೊಂದು ಕರ್ತವ್ಯವು ಗಂಟುಬಿದ್ದಂತೆಯೇ ಸರಿ. ನಮ್ಮ ಹಿತ್ತಲಿನ ಹುಲ್ಲಿಗೆ ಒಂದು ಹಸುವನ್ನು ಕಟ್ಟಿದರೆ ತೀರಿತು. ಅಲ್ಲಿ ಅದು ಸಲ್ಲದು. ಹುಲ್ಲು ಮಿತಿಮೀರಿ ಬೆಳೆದರೆ ದಂಡ ವಿಧಿಸುವ ಪುರಸಭೆಗಳೂ ಆ ದೇಶದಲ್ಲಿ ಅನೇಕವಿರುವುವು. ಆದುದರಿಂದ ಮೇಲೆ ಕುಳಿತು ನಡೆಸುವ, 'ರೈಡಿಂಗ್ ಮೋವರ್' ಎಂಬ ಗಾಡಿಯನ್ನು ಕೊಳ್ಳುವರು. ಇದು ನೋಡುವುದಕ್ಕೆ ಪುಟ್ಟ ಟ್ರಾಕ್ಟರಿನಂತಿರುವುದು.

ಕೊಂಡವರಲ್ಲಿ ಹಲವರು ಇದನ್ನು ಮೋಟಾರು ಕಾರಿನ ತಮ್ಮನೆಂದು ಭಾವಿಸಿ, ಕೀಲಿ ತಿರುಗಿಸುವುದಷ್ಟೇ ತಮ್ಮ ಕೆಲಸವೆಂದಿರುವರು. ಈ ಭಾವನೆಯೇ ಎಂಜಿನಿಗೆ ಮೃತ್ಯು. ಕಾರಿನ ಎಂಜಿನನ್ನು ತಂಪುಗೊಳಿಸಲು ನೀರೂ ರೇಡಿಯೇಟರೂ ಇರುವುವು; ಇದಕ್ಕಾದರೋ ಸಾಮಾನ್ಯವಾಗಿ ಗಾಳಿಯೊಂದೇ ಗತಿ. ಕಾರಿನಲ್ಲಿ ನಾಲ್ಕೈದು ಲೀಟರು ಆಯಿಲ್ ಇದ್ದರೆ ಇದರಲ್ಲಿ ಒಂದೂವರೆಯಿಂದ ಎರಡು ಲೀಟರು ಮಾತ್ರ. ಇಷ್ಟು ಅಲ್ಪ ಸಂಪತ್ತಿನಿಂದ ಅದು ನಿಮಿಷಕ್ಕೆ 3000ಕ್ಕೂ ಹೆಚ್ಚು ಸುತ್ತು ತಿರುಗುತ್ತ, ಧೂಳಿನ ನಡುವೆ, ಬಿಸಿಲಿನಲ್ಲಿ ದುಡಿಯಬೇಕು.

ಮೊದಲನೆಯದು ಆಯಿಲ್. ಪ್ರತಿ ಸಲವೂ ಹೊರಡುವ ಮುನ್ನ, ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನು ಆರಿರುವಾಗಲೇ, ಅಳತೆಯ ಕಡ್ಡಿಯನ್ನು ಒರಸಿ ಮತ್ತೆ ಇಳಿಬಿಟ್ಟು ನೋಡತಕ್ಕದ್ದು. ಕೆಲವು ಎಂಜಿನುಗಳಲ್ಲಿ ಕಡ್ಡಿಯನ್ನು ತಿರುಗಿಸಿ ಬಿಗಿಮಾಡಿ ನೋಡಬೇಕು, ಕೆಲವುಗಳಲ್ಲಿ ಸುಮ್ಮನೆ ಇರಿಸಿ ನೋಡಬೇಕು. ಕೈಪಿಡಿಯಲ್ಲಿ ಇದನ್ನು ಹೇಳಿರುವರು. ಕಡಮೆಯಾದರೆ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡು ಎಂಜಿನು ಶಾಶ್ವತವಾಗಿ ನಿಲ್ಲುವುದು. ಹೆಚ್ಚಾದರೂ ಕೆಡುಕೇ, ಬಿಳಿಯ ಹೊಗೆಯುಗುಳುವುದು. ಹೊಸ ಎಂಜಿನಿನ ಮೊದಲ ಆಯಿಲನ್ನು ಐದು ಗಂಟೆಗಳ ಕೆಲಸವಾದೊಡನೆಯೇ ಬದಲಿಸಬೇಕೆಂದು ಹಲವು ತಯಾರಕರು ವಿಧಿಸಿರುವರು. ಹೊಸ ಲೋಹವು ಸವೆದು ಉದುರುವ ಪುಡಿಯು ಅದರಲ್ಲಿ ಸೇರಿರುವುದೇ ಕಾರಣ. ಅಲ್ಲಿಂದ ಮುಂದೆ 50 ಅಥವಾ 100 ಗಂಟೆಗಳಿಗೊಮ್ಮೆ, ಅಷ್ಟು ದುಡಿಯದಿದ್ದರೂ ವರ್ಷಕ್ಕೊಮ್ಮೆ. ಬೇಸಗೆಗೆ ಎಸ್.ಎ.ಇ. 30 ಎಂಬ ದರ್ಜೆಯು ಬಹು ಎಂಜಿನುಗಳಿಗೆ ಒಗ್ಗುವುದು; ಚಳಿಯಲ್ಲಿ ನಡೆಸುವವರಿಗೆ 5ಡಬ್ಲ್ಯು-30 ಲೇಸು. ಬದಲಿಸುವ ಮೊದಲು ಎಂಜಿನನ್ನು ಕೆಲವು ನಿಮಿಷ ನಡೆಸಿ ನಿಲ್ಲಿಸಿದರೆ ಆಯಿಲ್ ತೆಳುವಾಗಿ, ಕೊಳೆಯನ್ನೂ ಹೊತ್ತು ಹೊರಬರುವುದು. ಕೈ ಸುಡದಂತೆ ನೋಡಿಕೊಳ್ಳತಕ್ಕದ್ದು. ಹಳೆಯ ಆಯಿಲನ್ನು ಗಿಡದ ಬುಡಕ್ಕೆ ಸುರಿಯಲಾಗದು. ಕಾರಿನ ಸಾಮಾನು ಮಾರುವ ಅಂಗಡಿಗಳಲ್ಲಿ ಅನೇಕರು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವರು.

ಗಾಳಿ ಸೋಸುವ ಫಿಲ್ಟರಿನಲ್ಲಿ ಹೊರಗಡೆ ಸ್ಪಂಜಿನ ಹೊದಿಕೆಯೂ ಒಳಗಡೆ ಕಾಗದದ ಮಡಿಕೆಗಳೂ ಇರುವುದುಂಟು. ಸ್ಪಂಜನ್ನು ಸಾಬೂನಿನ ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಬಹುದು. ಕಾಗದಕ್ಕೆ ನೀರು ತಾಗಿಸಕೂಡದು. ಮೆಲ್ಲನೆ ತಟ್ಟಿ, ಕೊಳೆ ಹೋಗದಿದ್ದರೆ ಹೊಸದನ್ನು ಹಾಕಬೇಕು. ಸಿಲಿಂಡರಿನ ಸುತ್ತಲಿನ ಲೋಹದ ರೆಕ್ಕೆಗಳ ಸಂದಿಯಲ್ಲಿ ಹುಲ್ಲಿನ ಚೂರು ತುಂಬಿದರೆ ಕಾವು ಹೊರಹೋಗುವ ದಾರಿಯೇ ಮುಚ್ಚಿದಂತಾಗುವುದು. ಅದನ್ನು ಕುಂಚದಿಂದ ತೆಗೆಯುತ್ತಿರಬೇಕು.

ಇನ್ನು ಪೆಟ್ರೋಲಿನ ವಿಷಯ. ಈ ಎಂಜಿನುಗಳು ದುಡಿಯುವ ತಿಂಗಳುಗಳಿಗಿಂತ ಸುಮ್ಮನಿರುವ ತಿಂಗಳುಗಳಲ್ಲಿಯೇ ಹೆಚ್ಚಾಗಿ ಕೆಡುವುವೆಂಬುದು ನಮ್ಮ ಅಭಿಪ್ರಾಯ. ಅಮೆರಿಕದ ಉತ್ತರ ಭಾಗಗಳಲ್ಲಿ ಹುಲ್ಲು ಬೆಳೆಯದ ಐದಾರು ತಿಂಗಳು ಗಾಡಿಯು ಕೊಟ್ಟಿಗೆ ಸೇರುವುದು. ಅಲ್ಲಿ ಮಾರುವ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 10 ಪಾಲಿನವರೆಗೆ ಎಥನಾಲ್ ಬೆರೆತಿರುವುದು. ಇದು ತೇವವನ್ನು ಹೀರುವ ಸ್ವಭಾವದ್ದು. ಒಂದು ತಿಂಗಳು ಕಳೆದರೆ ಪೆಟ್ರೋಲು ಹಳಸತೊಡಗಿ, ಕಾರ್ಬೊರೇಟರಿನ ಕೂದಲೆಳೆಯಂಥ ರಂಧ್ರಗಳಲ್ಲಿ ಅಂಟು ಕಟ್ಟುವುದು. ವಸಂತದಲ್ಲಿ ಕೀಲಿ ತಿರುಗಿಸಿದರೆ ಎಂಜಿನು ಕೆಮ್ಮುವುದೇ ಹೊರತು ಏಳದು. ಗಾಡಿಯೇ ಹೋಯಿತೆಂದು ಗೃಹಸ್ಥನು ಕೈಚೆಲ್ಲಿ ಕುಳಿತುಕೊಳ್ಳುವನು. ನಿಜವಾಗಿ ಕಟ್ಟಿದ್ದು ಒಂದು ಸೂಕ್ಷ್ಮ ರಂಧ್ರ. ಇದಕ್ಕೆ ಪರಿಹಾರವು ಸುಲಭವಾಗಿದೆ. ಚಳಿಗಾಲಕ್ಕೆ ಮುನ್ನ ಹೊಸ ಪೆಟ್ರೋಲಿಗೆ 'ಸ್ಟೆಬಿಲೈಸರ್' ಎಂಬ ದ್ರವವನ್ನು ಸೀಸೆಯ ಮೇಲೆ ಹೇಳಿದ ಪ್ರಮಾಣದಲ್ಲಿ ಬೆರೆಸಿ, ಅದು ಕಾರ್ಬೊರೇಟರಿನವರೆಗೂ ತಲುಪುವಂತೆ ಕೆಲವು ನಿಮಿಷ ಎಂಜಿನನ್ನು ನಡೆಸಿ ನಿಲ್ಲಿಸಬೇಕು. ಇಲ್ಲವೇ ತೊಟ್ಟಿಯನ್ನು ಬರಿದುಮಾಡಿ, ಉಳಿದದ್ದು ತೀರಿ ಎಂಜಿನು ತಾನಾಗಿ ನಿಲ್ಲುವವರೆಗೆ ನಡೆಸಬೇಕು. ಎಥನಾಲ್ 15 ಪಾಲಿರುವ ಪೆಟ್ರೋಲು ಅಗ್ಗವಾಗಿ ಸಿಕ್ಕಿದರೂ ಈ ಎಂಜಿನುಗಳಿಗೆ ಹಾಕತಕ್ಕದ್ದಲ್ಲ. ಕೊಟ್ಟಿಗೆಯಲ್ಲಿ ಬ್ಯಾಟರಿಯ ಶಕ್ತಿ ಇಳಿದಿದ್ದರೆ ಹಿಮದ ದಿನಗಳಲ್ಲಿ ಅದು ಹೆಪ್ಪುಗಟ್ಟಿ ಒಡೆಯಬಹುದು. ಆಗಾಗ ಚಾರ್ಜು ಮಾಡುತ್ತಿರಬೇಕು.

ಸ್ಪಾರ್ಕ್ ಪ್ಲಗ್ಗನ್ನು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು. ಕಿಡಿ ಹಾರುವ ಸಂದಿಯು ಅನೇಕ ಎಂಜಿನುಗಳಲ್ಲಿ 0.030 ಅಂಗುಲ, ಅಂದರೆ ಸುಮಾರು ಮುಕ್ಕಾಲು ಮಿಲಿಮೀಟರು. ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಬೇಕು. ಅಲ್ಯುಮಿನಿಯಮ್ಮಿನ ಮರೆಯು ಮೃದು. ಓರೆಯಾಗಿ ಕೂತ ಪ್ಲಗ್ಗನ್ನು ಬಲಾತ್ಕಾರದಿಂದ ತಿರುಗಿಸಿದರೆ ಹಾಳಾಗುವುದು.

ಗಾಡಿಯ ಕೆಳಗೆ ಅಲಗಿನ ಬಳಿ ಕೈಹಾಕುವ ಮೊದಲು ಕೀಲಿಯನ್ನು ತೆಗೆದು, ಪ್ಲಗ್ಗಿನ ತಂತಿಯನ್ನೂ ಕಳಚಿ ದೂರವಿಡಬೇಕು. ಎರಡು ಸಿಲಿಂಡರುಗಳಿದ್ದರೆ ಎರಡು ತಂತಿಗಳು. ಅಲಗನ್ನು ಕೈಯಿಂದ ತಿರುಗಿಸಿದರೂ ಎಂಜಿನು ಚಾಲೂ ಆಗಬಹುದೆಂಬುದನ್ನು ಅನೇಕರು ಅರಿಯರು. ಬಿಸಿಯಾದ ಎಂಜಿನಿಗೆ ಪೆಟ್ರೋಲು ಹೊಯ್ಯಕೂಡದು. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನನ್ನು ನಡೆಸಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡು ತುಂಬಿ ಪ್ರಾಣಕ್ಕೇ ಅಪಾಯ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಾಡಿ ನಡೆಸುವ ವಿನೋದವು ಎಷ್ಟೋ ಮನೆಗಳಲ್ಲಿ ದುಃಖವನ್ನು ತಂದಿದೆ. ಇಲ್ಲಿಂದ ಅಲ್ಲಿಗೆ ಹೋಗುವ ಅಜ್ಜ ಅಜ್ಜಿಯರು ಇದನ್ನು ನಿಷ್ಠುರವಾಗಿಯೇ ತಡೆಯಬೇಕೆಂದು ಬಿನ್ನವಿಸುವೆವು.

ಅಲಗನ್ನು ಸಾಣೆಹಿಡಿಯುವ ಕ್ರಮವನ್ನು ಮುಂದಿನ ಸಂಚಿಕೆಯಲ್ಲಿ ಬರೆಯುವೆವು.