ಕತ್ತು ತಿರುಗದವನ ಲೈಸೆನ್ಸು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳೆಂಬ ನಾಲ್ಕು ತಾಲ್ಲೂಕುಗಳ ಬಂಡಿಗಳು ಕೆಎ-64 ಎಂಬ ಒಂದೇ ಮುದ್ರೆಯನ್ನು ಹಣೆಯಲ್ಲಿ ಹೊರುವುವಾದರೂ, ಆ ಮುದ್ರೆಯನ್ನೊತ್ತುವ ಮಧುಗಿರಿಯ ಸಾರಿಗೆ ಕಚೇರಿಗೆ ನಾಲ್ಕು ದಿಕ್ಕಿನಿಂದಲೂ ದಾರಿ ಒಂದೇ ಸಮನಾಗಿಲ್ಲ. ಕೊರಟಗೆರೆಯವನು ಮನೆಯಲ್ಲಿ ತಿಂಡಿ ತಿಂದು ಹೊರಟರೂ ಕಚೇರಿಯ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬಲ್ಲನು. ಪಾವಗಡದವನಾದರೋ, ತನ್ನ ಜಿಲ್ಲೆಯ ಮಿಕ್ಕ ನೆಲದೊಡನೆ ಎಲ್ಲಿಯೂ ಗಡಿ ಕೂಡದ ತಾಲ್ಲೂಕಿನವನಾದುದರಿಂದ, ನಡುವೆ ಆಂಧ್ರದ ನೆಲವನ್ನು ದಾಟಿ, ಐವತ್ತು ಕಿಲೋಮೀಟರಿಗೂ ಮಿಗಿಲಾದ ಹಾದಿಯನ್ನು ಸವೆಸಿ ಬರಬೇಕು. ಕೈಕಾಲು ನೆಟ್ಟಗಿರುವವನಿಗೆ ಇದು ಒಂದು ದಿನದ ಕೂಲಿಯ ನಷ್ಟ. ಊರುಗೋಲು ಹಿಡಿದವನಿಗೆ, ತಾನು ವಾಹನ ನಡೆಸಬಲ್ಲೆನೆಂದು ಸಾಬೀತುಪಡಿಸುವುದಕ್ಕಾಗಿ ಮೊದಲು ಬಸ್ಸಿನ ಮೆಟ್ಟಿಲೊಡನೆ ನಡೆಸಬೇಕಾದ ಕುಸ್ತಿ.

ಪಾವಗಡ ತಾಲ್ಲೂಕಿನ ನಾಗಲಮಡಿಕೆಯ ಕಡೆಯ ಒಬ್ಬ ಲಗೇಜು ಆಟೋ ಚಾಲಕನನ್ನು ನಾನು ಬಲ್ಲೆ. ವಯಸ್ಸು ಐವತ್ತರ ಆಚೆ ಈಚೆ. ಹುಟ್ಟಿದಂದಿನಿಂದ ಫ್ಲೋರೈಡು ಬೆರೆತ ಕೊಳವೆಬಾವಿಯ ನೀರನ್ನೇ ಕುಡಿದು ಹಲ್ಲು ಕಂದಿ, ಬೆನ್ನು ಬಿಗಿದು, ಈಗ ಕತ್ತು ಎಡಕ್ಕೂ ಬಲಕ್ಕೂ ಹೊರಳದು. ಪಕ್ಕದಲ್ಲಿ ಕುಳಿತವರೊಡನೆ ಮಾತಾಡಬೇಕಾದರೆ ಇಡೀ ಮೈಯನ್ನೇ ತಿರುಗಿಸುತ್ತಾನೆ. ಆದರೆ ಅವನ ಆಟೋವಿನ ಎರಡು ಪಕ್ಕಕ್ಕೂ ಅಂಗೈಯಗಲದ ಹೆಚ್ಚುವರಿ ಕನ್ನಡಿಗಳಿವೆ. ಶೇಂಗಾ ಮೂಟೆ ತುಂಬಿಕೊಂಡು ಸಂತೆಯ ಇಕ್ಕಟ್ಟಿನಲ್ಲಿ ಹಿಮ್ಮುಖವಾಗಿ ಬರುವಾಗ ಆ ಕನ್ನಡಿಗಳನ್ನು ಅವನು ನೋಡುವಷ್ಟು ನಿಷ್ಠೆಯಿಂದ ನೆಟ್ಟನೆಯ ಕತ್ತಿನವರು ಹಿಂದಕ್ಕೆ ನೋಡುವುದನ್ನು ನಾನಂತೂ ಕಂಡಿಲ್ಲ. ಅವನ ಲೈಸೆನ್ಸಿನ ಅವಧಿ ತೀರಿ ತಿಂಗಳುಗಳಾಗಿವೆ. ಏಕೆ ನವೀಕರಿಸಲಿಲ್ಲವೆಂದರೆ ಅವನು ಹೇಳಿದ್ದು: “ಇರೋದು ಬರದ್ರೆ ಲೈಸೆನ್ಸು ಹೋಗ್ತದೆ ಸ್ವಾಮಿ, ಬರೀದಿದ್ರೆ ಸುಳ್ಳು ಹೇಳ್ದಂಗಾಗ್ತದೆ. ಎರಡೂ ಬ್ಯಾಡ ಅಂತ ಹಂಗೇ ಓಡುಸ್ತಾ ಇದೀನಿ.”

ಅವಧಿ ಮುಗಿದ ಪರವಾನಗಿಯೊಡನೆ ವಾಹನ ನಡೆಸುವುದು ಅಪರಾಧ. ಅದನ್ನು ನಾನು ಸಮರ್ಥಿಸಲಾರೆ. ಆದರೆ ಪ್ರಾಮಾಣಿಕನೊಬ್ಬನನ್ನು ಅಪರಾಧಕ್ಕೂ ಅಸತ್ಯಕ್ಕೂ ನಡುವೆ ನಿಲ್ಲಿಸಿ, ಎರಡರಲ್ಲೊಂದನ್ನು ಆರಿಸಿಕೊಳ್ಳೆಂದು ಹೇಳುವ ವ್ಯವಸ್ಥೆಯನ್ನು ಸಮರ್ಥಿಸುವುದೂ ನನ್ನಿಂದಾಗದು.

ಹೀಗೆನ್ನುವಾಗ ಎದುರುಪಕ್ಷದ ಮಾತನ್ನು ಹಗುರವಾಗಿ ಕಾಣಲಾಗದು. 2024ರ ನವೆಂಬರಿನಲ್ಲಿ ಬೆಂಗಳೂರಿನ ಬಿಎಂಟಿಸಿ ಬಸ್ಸೊಂದರ ಚಾಲಕನು ಬಸ್ಸು ಚಲಿಸುತ್ತಿರುವಾಗಲೇ ಹೃದಯಾಘಾತದಿಂದ ಕುಸಿದು, ನಿರ್ವಾಹಕನು ಧಾವಿಸಿ ಬಂದು ಬಸ್ಸನ್ನು ನಿಲ್ಲಿಸಿದ ದೃಶ್ಯವನ್ನು ನಾಡೆಲ್ಲ ನೋಡಿತು. ಅಂತಹ ಪ್ರತಿಯೊಂದು ಪ್ರಸಂಗದ ಬಳಿಕವೂ “ಆರೋಗ್ಯ ತಪಾಸಣೆ ಬಿಗಿಯಾಗಲಿ, ರೋಗಿಗಳಿಗೂ ಅಂಗವಿಕಲರಿಗೂ ಲೈಸೆನ್ಸು ಕೊಡುವುದನ್ನೇ ನಿಲ್ಲಿಸಿ” ಎಂಬ ಕೂಗೆದ್ದರೆ, ಆ ಕೂಗಿನ ಹಿಂದಿರುವ ಭಯವು ಸುಳ್ಳಲ್ಲ. ತಪಾಸಣೆ ಬಿಗಿಯಾಗಲಿ ಎಂಬ ಪೂರ್ವಾರ್ಧವನ್ನು ನಾನೂ ಒಪ್ಪುತ್ತೇನೆ. ಉತ್ತರಾರ್ಧವು ಭಯದಿಂದ ಹುಟ್ಟಿದುದೇ ಹೊರತು ವಿಚಾರದಿಂದಲ್ಲ. ನಮ್ಮ ಸೀಮೆಯ ದುರಂತಗಳನ್ನೇ ಸ್ಮರಿಸಿಕೊಳ್ಳೋಣ. 2022ರ ಮಾರ್ಚಿನಲ್ಲಿ ಪಾವಗಡದ ಬಳಿ ವಿದ್ಯಾರ್ಥಿಗಳನ್ನು ತುಂಬಿಕೊಂಡು ಬರುತ್ತಿದ್ದ ಖಾಸಗಿ ಬಸ್ಸು ಉರುಳಿತು. ಅದೇ ವರ್ಷದ ಆಗಸ್ಟಿನಲ್ಲಿ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಹತ್ತಿರ ಹೆದ್ದಾರಿಯಲ್ಲಿ ಕೂಲಿಕಾರರ ಕ್ರೂಸರಿಗೂ ಲಾರಿಗೂ ಡಿಕ್ಕಿಯಾಗಿ ಒಂಬತ್ತು ಜೀವಗಳು ಹೋದುವು. ಎರಡರಲ್ಲಿಯೂ ಜನ ಕೇಳಿದ ಮೊದಲ ಪ್ರಶ್ನೆ ಬಂಡಿಯಲ್ಲಿ ಎಷ್ಟು ಮಂದಿಯನ್ನು ತುಂಬಿದ್ದರೆಂಬುದೇ ಹೊರತು ಚಾಲಕನ ಕಾಲು ಊನವಾಗಿತ್ತೇ ಎಂಬುದಲ್ಲ.

ಹಾಗಾದರೆ ಕಾನೂನು ಏನೆನ್ನುತ್ತದೆ? 1939ರ ಹಳೆಯ ಕಾಯಿದೆಯು ಕೆಲವು ವ್ಯಾಧಿಗಳನ್ನು ಸಂಪೂರ್ಣ ಅನರ್ಹತೆಗಳೆಂದು ಪಟ್ಟಿಮಾಡಿತ್ತು. ಅದರ ಸ್ಥಾನದಲ್ಲಿ ಬಂದ 1988ರ ಮೋಟಾರು ವಾಹನಗಳ ಕಾಯಿದೆಯು ಅದಕ್ಕಿಂತ ಉದಾರವಾದುದು. ಅಂಗವಿಕಲನು ತನಗೆ ತಕ್ಕಂತೆ ಮಾರ್ಪಡಿಸಿದ ವಾಹನವನ್ನು ನಡೆಸಬಲ್ಲನಾದರೆ ಆ ವಾಹನಕ್ಕೆ ಸೀಮಿತವಾದ ಲೈಸೆನ್ಸನ್ನು ಕೊಡಲು ಅದರಲ್ಲಿ ಅವಕಾಶವುಂಟು. ನಲವತ್ತು ದಾಟಿದವರೂ ಬಾಡಿಗೆ ವಾಹನ ನಡೆಸುವವರೂ ನವೀಕರಣದ ವೇಳೆ ಫಾರಂ 1-ಎ ಎಂಬ ವೈದ್ಯಪತ್ರವನ್ನು ಒಪ್ಪಿಸತಕ್ಕದ್ದು. ಲೈಸೆನ್ಸನ್ನು ನಿರಾಕರಿಸಿದರೆ ಅಥವಾ ರದ್ದುಗೊಳಿಸಿದರೆ ಅಧಿಕಾರಿಯು ಕಾರಣಗಳನ್ನು ಬರವಣಿಗೆಯಲ್ಲಿ ತಿಳಿಸಬೇಕೆಂದೂ, ಮೂವತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದೆಂದೂ 17ನೆಯ ಕಲಮು ವಿಧಿಸುತ್ತದೆ. ಇಷ್ಟರಮಟ್ಟಿಗೆ ಶಾಸನವು ಸಜ್ಜನಿಕೆಯುಳ್ಳದ್ದೇ. ದೋಷವಿರುವುದು ಅದರ ಕೆಳಗಿನ ಫಾರಮುಗಳಲ್ಲಿಯೂ, ಫಾರಮುಗಳನ್ನು ತುಂಬಿಸುವ ಪದ್ಧತಿಯಲ್ಲಿಯೂ.

ಅರ್ಜಿದಾರನು ತಾನೇ ಬರೆದುಕೊಡುವ ಘೋಷಣೆಯಲ್ಲಿ “ಮೂರ್ಛೆರೋಗವಿದೆಯೇ?” ಎಂಬುದಕ್ಕೆ ಹೌದು ಅಥವಾ ಇಲ್ಲವೆಂದು ಉತ್ತರಿಸಬೇಕು. ಕಡೆಯ ಸೆಳವು ಬಂದು ಎಷ್ಟು ವರ್ಷವಾಯಿತು, ಮಾತ್ರೆ ತಪ್ಪದೆ ನಡೆಯುತ್ತಿದೆಯೇ ಎಂದು ಹೇಳಿಕೊಳ್ಳಲು ಅಲ್ಲಿ ಎಡೆಯಿಲ್ಲ. ಬಾಲ್ಯದಲ್ಲೊಮ್ಮೆ ಸೆಳವು ಬಂದು ಇಪ್ಪತ್ತು ವರ್ಷ ಸುಖವಾಗಿರುವವನೂ, ಕಳೆದ ವಾರ ಬೀದಿಯಲ್ಲಿ ಬಿದ್ದವನೂ ಆ ಒಂದು ಪದದಲ್ಲಿ ಸಮಾನರು. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಒಂದು ವರ್ಷ ಸೆಳವಿಲ್ಲದೆ ಕಳೆದವನಿಗೆ ಕಾರು ನಡೆಸಲು ಅನುಮತಿಯುಂಟು. ಬಸ್ಸು ಲಾರಿಗಳಿಗಾದರೆ ಔಷಧವಿಲ್ಲದೆಯೇ ಹತ್ತು ವರ್ಷ ಕಳೆದಿರಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವ ಸಕ್ಕರೆ ಕಾಯಿಲೆಯವರಿಗೆ ಒಂದರಿಂದ ಮೂರು ವರ್ಷದ ಅಲ್ಪಾವಧಿಯ ಲೈಸೆನ್ಸು ಕೊಟ್ಟು ಮತ್ತೆ ಮತ್ತೆ ಪರಿಶೀಲಿಸುತ್ತಾರೆ. ಇದು ಸಡಿಲವೂ ಅಲ್ಲ, ಕ್ರೂರವೂ ಅಲ್ಲ. ನಾವೂ ಇಂತಹ ವಿವೇಕಕ್ಕೆ ಅಪರಿಚಿತರಲ್ಲ: ಲಘು ಮತ್ತು ಮಧ್ಯಮ ಪ್ರಮಾಣದ ವರ್ಣಾಂಧತೆಯುಳ್ಳವರಿಗೆ 2020ರ ಜೂನಿನಲ್ಲಿ ಕೇಂದ್ರ ಸರ್ಕಾರವೇ ಬಾಗಿಲು ತೆರೆಯಿತು; ಕಿವುಡರೂ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಲೈಸೆನ್ಸಿಗೆ ಅರ್ಹರೆಂಬ ಹಾದಿಯನ್ನು 2011ರಲ್ಲಿಯೇ ದೆಹಲಿಯ ಉಚ್ಚ ನ್ಯಾಯಾಲಯ ತೋರಿಸಿತು.

ಇನ್ನು ಪದ್ಧತಿ. ಅರವತ್ತರ ಹತ್ತಿರ ನನ್ನ ಸ್ವಂತ ಲೈಸೆನ್ಸನ್ನು ನವೀಕರಿಸಬೇಕಾದಾಗ, ಬೇರೊಂದು ಊರಿನ ಕಚೇರಿಯೊಂದರ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಫಾರಂ 1-ಎ ನನ್ನ ಕೈಗೆ ಬಂದಿತು; ವೈದ್ಯರ ಸಹಿಯೂ ಮೊಹರೂ ಅದರಲ್ಲಿ ನನಗಿಂತ ಮುಂಚೆಯೇ ಬಂದು ಕುಳಿತಿದ್ದುವು. ನನಗೆ ಸಕ್ಕರೆ ಕಾಯಿಲೆಯಿದೆಯೆಂದು ಅಂಗಡಿಯವನಿಗೆ ಹೇಳಿದೆ. “ಅದನ್ನೆಲ್ಲ ಬರೀಬೇಡಿ ಸಾರ್, ಬರದ್ರೆ ಫೈಲು ವಾಪಸ್ ಬತ್ತದೆ” ಎಂದು ಅವನು ಮಗುವಿಗೆ ಹೇಳುವಂತೆ ಹೇಳಿದನು. ನನ್ನ ಕಣ್ಣನ್ನು ಯಾರೂ ನೋಡಲಿಲ್ಲ. ಇಪ್ಪತ್ತೈದು ಮೀಟರು ದೂರದ ನಂಬರ್ ಪ್ಲೇಟನ್ನು ಓದೆಂದು ಯಾರೂ ಕೇಳಲಿಲ್ಲ. ಅಂಗಡಿಯ ಮೆಟ್ಟಿಲ ಕೆಳಗೆ ಪೋಲಿಯೋ ಪೀಡಿತನಾದ ತರುಣನೊಬ್ಬನು ಹಿಂದೆ ಜೋಡಿಗಾಲಿ ಕಟ್ಟಿಸಿದ ಸ್ಕೂಟರಿನ ಮೇಲೆ ಕುಳಿತಿದ್ದನು. ಒಳಗೆ ಹೋಗಲು ಅವನಿಗೆ ಇಳಿಜಾರಿರಲಿಲ್ಲ. ಹೊರಗೆ ಬಂದು ನೋಡಲು ಅಧಿಕಾರಿಗಳಿಗೆ ಪುರಸೊತ್ತಿರಲಿಲ್ಲ. ನನ್ನ ವ್ಯಾಧಿ ಕಾಣದು, ಆದುದರಿಂದ ನಾನು ಆರೋಗ್ಯವಂತ; ಅವನ ಊನ ಕಾಣುವುದು, ಆದುದರಿಂದ ಅವನು ಸಂಶಯಾಸ್ಪದ. ಬಿಗಿಯಾಗಬೇಕಾದ ತಪಾಸಣೆಯು ಅವನ ಮೇಲೆ ಬಿಗಿಯಾಗಿಯೂ ನನ್ನ ಮೇಲೆ ಸಡಿಲವಾಗಿಯೂ ಇದ್ದ ಆ ದಿನ ರಸ್ತೆಯೇನೂ ಸುರಕ್ಷಿತವಾಗಲಿಲ್ಲ.

ಆದುದರಿಂದ ನಮ್ಮ ನಾಲ್ಕು ತಾಲ್ಲೂಕುಗಳ ಪರವಾಗಿ ನಾನು ಬೇಡುವುದು ರಿಯಾಯಿತಿಯನ್ನಲ್ಲ, ನಿಜವಾದ ಪರೀಕ್ಷೆಯನ್ನು. ತಿಂಗಳಿಗೊಂದು ದಿನ ಪಾವಗಡ, ಶಿರಾ, ಕೊರಟಗೆರೆಗಳ ಸರ್ಕಾರಿ ಆಸ್ಪತ್ರೆಯ ಆವರಣದಲ್ಲಿ ವೈದ್ಯರೂ ಮೋಟಾರು ವಾಹನ ನಿರೀಕ್ಷಕರೂ ಕೂಡಿ ಕುಳಿತು, ಅರ್ಜಿದಾರನನ್ನು ಅವನದೇ ವಾಹನದಲ್ಲಿ ನೋಡಲಿ. ಆಗದವನಿಗೆ ಆಗದೆಂದು ಕಾರಣಸಹಿತವಾಗಿ ಕನ್ನಡದಲ್ಲಿ ಬರೆದುಕೊಡಲಿ. ಆಗುವವನಿಗೆ ಇಂಥ ವಾಹನಕ್ಕೆ, ಇಷ್ಟು ವರ್ಷಕ್ಕೆ, ಇಂಥ ಕನ್ನಡಿಯೊಡನೆ ಎಂದು ಷರತ್ತು ಹಾಕಿ ಕೊಡಲಿ. ನೋಡದೆ ಸಹಿಮಾಡುವ ವೈದ್ಯನಿಗೆ ಶಿಕ್ಷೆಯಾಗಲಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ‘ಸಮಂಜಸ ಹೊಂದಾಣಿಕೆ’ ಎಂದು ಯಾವುದನ್ನು ಕರೆಯುವುದೋ ಅದು ಇದಕ್ಕಿಂತ ಹೆಚ್ಚಿನದೇನನ್ನೂ ಕೇಳುವುದಿಲ್ಲ.

ನಾಗಲಮಡಿಕೆಯ ನಮ್ಮ ಚಾಲಕನ ಕತ್ತನ್ನು ಬಿಗಿದದ್ದು ಅವನ ದುರಭ್ಯಾಸವಲ್ಲ. ಒಳ್ಳೆಯ ನೀರನ್ನು ದಶಕಗಳ ಕಾಲ ಒದಗಿಸದೆ ಹೋದ ನಮ್ಮ ಆಡಳಿತ. ಅದಕ್ಕೆ ಪರಿಹಾರವನ್ನೇನೂ ಅವನು ಕೇಳಲಿಲ್ಲ. ತನ್ನ ದುಡ್ಡಿನಿಂದಲೇ ಎರಡು ಕನ್ನಡಿಗಳನ್ನು ಕೊಂಡು ಸ್ಕ್ರೂ ಬಿಗಿದುಕೊಂಡನು. ಆ ಷರತ್ತನ್ನು ತನಗೆ ತಾನೇ ವಿಧಿಸಿಕೊಂಡವನನ್ನು ಪರೀಕ್ಷಿಸಲು ಸರ್ಕಾರಕ್ಕೆ ಬೇಕಾದುದು ಅರ್ಧ ಗಂಟೆ, ಒಂದು ಮೈದಾನ, ಮತ್ತು ಅವನ ಪಕ್ಕದ ಸೀಟಿನಲ್ಲಿ ಕೂರಲು ಒಪ್ಪುವ ಒಬ್ಬ ಅಧಿಕಾರಿ.