ಆಟ-ಪಾಠ: ನಡುಗಣದ ದುಡಿಮೆಗಾರ ಕಾರ್ಲ್ಟನ್ ಚಾಪ್‌ಮನ್

ಮನೆಯ ಹುಡುಗನು ಸಂಜೆ ಶಾಲೆಯಿಂದ ಬಂದೊಡನೆ ಪುಸ್ತಕದ ಚೀಲವನ್ನು ಮೂಲೆಗೆ ಒಗೆದು ಕಾಲ್ಚೆಂಡಿನ ಹಿಂದೆ ಓಡತೊಡಗಿದರೆ ತಂದೆತಾಯಿಗಳ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವದು: ಈ ಆಟದಿಂದ ಹೊಟ್ಟೆ ತುಂಬೀತೇ? ಪ್ರಶ್ನೆಯು ಸಣ್ಣದಲ್ಲ. ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿಯಂಥ ಊರಿನ ಗೃಹಸ್ಥರಿಗಂತೂ ಅದು ಇನ್ನಷ್ಟು ದೊಡ್ಡದು. ಯಾಕೆಂದರೆ ಅಲ್ಲಿಂದ ಬೆಂಗಳೂರು ಸುಮಾರು ೭೦೦ ಕಿಲೋಮೀಟರು ದೂರ. ಅಷ್ಟು ದೂರ ಮಗನನ್ನು ಕಳಿಸುವದೆಂದರೆ ಮನೆಯ ಒಂದು ಕೈಯನ್ನೇ ಕಳಿಸಿದಂತೆ. ಇದಕ್ಕೆ ಹೌದೆಂದೋ ಅಲ್ಲವೆಂದೋ ಒಂದೇ ಮಾತಿನಲ್ಲಿ ಉತ್ತರಿಸುವದಕ್ಕಿಂತ, ಆ ದಾರಿಯನ್ನು ಬಹುದೂರ ನಡೆದ ನಮ್ಮ ನಾಡಿನ ಆಟಗಾರರೊಬ್ಬರ ಜೀವನವನ್ನು ಮೊದಲಿನಿಂದ ಕೊನೆಯವರೆಗೆ ನೋಡುವದು ಲೇಸೆಂದು ತೋರುತ್ತದೆ.

ಮೊದಲು ಆಟದ ಬಗೆಗೆ ಎರಡು ಮಾತು. ಕಾಲ್ಚೆಂಡಿನ ಪಂದ್ಯದಲ್ಲಿ ಒಂದೊಂದು ಪಕ್ಷಕ್ಕೆ ೧೧ ಜನ. ಆಟದ ಅವಧಿ ೯೦ ನಿಮಿಷ. ಗೋಲು ಹೊಡೆಯುವವರು ಮುಂದೆ, ಗೋಲು ಕಾಯುವವರು ಹಿಂದೆ. ಇವರಿಬ್ಬರ ನಡುವೆ ನಿಂತು ಆಡುವವರನ್ನು ಹಿಂದೆ ಹಾಫ್‌ಬ್ಯಾಕ್ ಎನ್ನುತ್ತಿದ್ದರು. ಈಗ ಮಿಡ್‌ಫೀಲ್ಡರ್ ಎನ್ನುವರು. ನಮ್ಮ ಕಡೆಯ ರೈತರಿಗೆ ಇವರ ಕೆಲಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬಿನ ಹೊಲಕ್ಕೆ ನೀರು ಹಾಯಿಸುವವನು ಒಂದು ಮಡಿ ತುಂಬಿತೆಂದರೆ ಅದರ ಬಾಯಿ ಕಟ್ಟಿ, ಮುಂದಿನ ಮಡಿಗೆ ನೀರು ತಿರುವುವನಲ್ಲವೇ? ನಡುಗಣದ ಆಟಗಾರನೂ ಹಾಗೆಯೇ. ಎದುರಾಳಿಯ ಕಾಲಿನಿಂದ ಚೆಂಡನ್ನು ಕಸಿದುಕೊಂಡು, ಎಲ್ಲಿ ತೆರಪು ಇದೆಯೆಂಬುದನ್ನು ಕ್ಷಣಮಾತ್ರದಲ್ಲಿ ಕಂಡು, ಅತ್ತ ತಿರುವುವದೇ ಅವನ ಕಾರ್ಯ. ಒಂದು ಪಂದ್ಯದಲ್ಲಿ ಅವನು ೧೦ರಿಂದ ೧೨ ಕಿಲೋಮೀಟರು ಓಡುವದುಂಟು. ಆದರೂ ಮರುದಿನದ ಪತ್ರಿಕೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರುವದು ಗೋಲು ಹೊಡೆದವನ ಹೆಸರು. ಬೆಳೆ ಬಂದಾಗ ನೀರು ಹಾಯಿಸಿದವನ ಹೆಸರನ್ನು ಯಾರು ಕೇಳುತ್ತಾರೆ?

ಇಂಥ ಆಟಗಾರರು ನಮ್ಮ ಸೀಮೆಗೆ ಹೊಸಬರಲ್ಲ. ಬೀದರ ಪ್ರಾಂತವು ಸೇರಿದ್ದ ಹೈದರಾಬಾದ ಸಂಸ್ಥಾನದ ರಾಜಧಾನಿಯು ಒಂದು ಕಾಲಕ್ಕೆ ಭಾರತದ ಕಾಲ್ಚೆಂಡಾಟದ ತವರುಗಳಲ್ಲಿ ಒಂದಾಗಿತ್ತು. ವೃತ್ತಿಯಿಂದ ಉಪಾಧ್ಯಾಯರಾಗಿದ್ದ ಅಲ್ಲಿಯ ಸಯ್ಯದ್ ಅಬ್ದುಲ್ ರಹೀಮರು ರಾಷ್ಟ್ರೀಯ ತಂಡದ ಗುರುಗಳಾಗಿ ೧೯೫೧ ಮತ್ತು ೧೯೬೨ರ ಏಷ್ಯನ್ ಕ್ರೀಡೆಗಳಲ್ಲಿ ಭಾರತಕ್ಕೆ ಬಂಗಾರದ ಪದಕಗಳನ್ನು ತಂದರು. ೧೯೫೬ನೆಯ ನವೆಂಬರ ೧ರಂದು ಬೀದರವು ಮೈಸೂರು ರಾಜ್ಯವನ್ನು ಸೇರಿತು. ಅದಾದ ಒಂದು ತಿಂಗಳಿಗೆ ಮೆಲ್ಬೋರ್ನಿನ ಒಲಿಂಪಿಕ್ಸಿನಲ್ಲಿ ಭಾರತವು ಆಸ್ಟ್ರೇಲಿಯವನ್ನು ೪-೨ರಿಂದ ಸೋಲಿಸಿ, ಉಪಾಂತ್ಯವನ್ನು ಮುಟ್ಟಿದ ಮೊದಲ ಏಷ್ಯನ್ ದೇಶವಾಯಿತು. ಮೂರು ಗೋಲು ಹೊಡೆದ ನೆವಿಲ್ ಡಿಸೋಜಾರ ಹೆಸರು ಇಂದಿಗೂ ಜನಜನಿತ. ಅದೇ ತಂಡದ ನಡುಗಣದವರಲ್ಲಿ ಹೈದರಾಬಾದಿನ ನೂರ್ ಮಹಮ್ಮದರೂ ಕನ್ನಡ ನಾಡಿನ ಕೆಂಪಯ್ಯನವರೂ ಇದ್ದರೆಂಬುದನ್ನು ಬಲ್ಲವರು ಕೆಲವರೇ. ಕೆಂಪಯ್ಯನವರು ೧೯೬೦ರಲ್ಲಿ ರೋಮಿನ ಒಲಿಂಪಿಕ್ಸಿಗೂ ಹೋಗಿಬಂದರು.

ಆ ಪರಂಪರೆಯಲ್ಲಿ ಬಂದವರು ಕಾರ್ಲ್ಟನ್ ಚಾಪ್‌ಮನ್. ೧೯೭೧ನೆಯ ಏಪ್ರಿಲ ೧೩ರಂದು ಬೆಂಗಳೂರಿನಲ್ಲಿ ಹುಟ್ಟಿದ ಇವರು ಅಲ್ಲಿಯ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಪಳಗಿದರು. ಸದರ್ನ್ ಬ್ಲೂಸ್ ಎಂಬ ತಂಡದಲ್ಲಿ ಆಡಿದರು. ೧೯೯೦ರಲ್ಲಿ ಜಮಶೇದಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಸೇರಿದರು. ೧೯೮೭ರಲ್ಲಿ ಆರಂಭವಾದ ಆ ಸಂಸ್ಥೆಯು ಹುಡುಗರನ್ನು ತನ್ನಲ್ಲಿಯೇ ಇರಿಸಿಕೊಂಡು ಆಟ ಕಲಿಸುವಂಥದು. ಹತ್ತೊಂಬತ್ತು ವರ್ಷದ ತರುಣನು ಮನೆಯನ್ನೂ ಹುಟ್ಟಿದ ನಾಡನ್ನೂ ಬಿಟ್ಟು ಬಹುದೂರ ಹೋದುದೇ ಈ ಜೀವನದ ಮೊದಲ ಬೆಲೆ.

೧೯೯೩ರಲ್ಲಿ ಕಲಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬು ಅವರನ್ನು ಕರೆಯಿತು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯಾವಳಿಯಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ ೬-೨ರಿಂದ ಸೋಲಿಸಿತು. ಆರು ಗೋಲುಗಳಲ್ಲಿ ಮೂರು ಚಾಪ್‌ಮನ್ನರವು! ಗೋಲಿಗೆ ದಾರಿ ಮಾಡಿಕೊಡಬೇಕಾದವನೇ ಮೂರು ಗೋಲು ಹೊಡೆದದ್ದನ್ನು ಬಂಗಾಳದ ಜನರು ಬಹುಕಾಲ ನೆನೆದರು. ೧೯೯೫ರಲ್ಲಿ ಅವರು ಪಂಜಾಬದ ಜೆ.ಸಿ.ಟಿ. ತಂಡಕ್ಕೆ ಹೋದರು. ಅಲ್ಲಿ ಕೇರಳದ ಐ. ಎಂ. ವಿಜಯನ್ ಮತ್ತು ಸಿಕ್ಕಿಮಿನ ಭಾಯಿಚುಂಗ್ ಭುಟಿಯಾ ಮುಂದೆ ನಿಂತು ಆಡುತ್ತಿದ್ದರು. ಅವರಿಗೆ ಚೆಂಡು ಒದಗಿಸುವ ಭಾರ ನಡುಗಣದ್ದು. ದೇಶದ ಮೊದಲ ರಾಷ್ಟ್ರೀಯ ಲೀಗು ೧೯೯೬-೯೭ರಲ್ಲಿ ನಡೆದಾಗ ಗೆದ್ದ ತಂಡ ಜೆ.ಸಿ.ಟಿ.ಯೇ. ಅತ್ಯಧಿಕ ಗೋಲು ಹೊಡೆದ ಕೀರ್ತಿ ಭುಟಿಯಾರದು.

ರಾಷ್ಟ್ರೀಯ ತಂಡದಲ್ಲಿಯೂ ಚಾಪ್‌ಮನ್ನರು ಹಲವು ವರ್ಷ ಆಡಿ, ಅದರ ನಾಯಕತ್ವವನ್ನೂ ವಹಿಸಿದರು. ೧೯೯೭ರಲ್ಲಿ ಕಾಠಮಾಂಡುವಿನಲ್ಲಿ ಮಾಲ್ದೀವನ್ನು ೫-೧ರಿಂದ ಸೋಲಿಸಿ ದಕ್ಷಿಣ ಏಷ್ಯದ ಸ್ಯಾಫ್ ಕಪ್ಪನ್ನು ಗೆದ್ದ ತಂಡದಲ್ಲಿ ಅವರಿದ್ದರು. ಆ ವರ್ಷವೇ ಹೊಸದಾಗಿ ಹುಟ್ಟಿದ ಎಫ್.ಸಿ. ಕೊಚ್ಚಿನ್ ತಂಡಕ್ಕೆ ಸೇರಿ, ಒಂದು ಋತುವಿನ ತರುವಾಯ ೧೯೯೮ರಲ್ಲಿ ಈಸ್ಟ್ ಬೆಂಗಾಲಿಗೆ ಮರಳಿದರು. ೨೦೦೦-೦೧ರಲ್ಲಿ ಅವರ ನಾಯಕತ್ವದಲ್ಲಿ ಆ ಕ್ಲಬ್ಬು ತನ್ನ ಮೊದಲ ರಾಷ್ಟ್ರೀಯ ಲೀಗು ಪ್ರಶಸ್ತಿಯನ್ನು ಪಡೆಯಿತು. ೨೦೦೧ರಲ್ಲಿ ಅವರು ವೃತ್ತಿಯ ಆಟವನ್ನು ಬಿಟ್ಟರು.

ಗೃಹಸ್ಥರು ಇಲ್ಲಿ ಕೊಂಚ ನಿಂತು ಲೆಕ್ಕ ಹಾಕಬೇಕು. ಆಟ ಬಿಟ್ಟಾಗ ಅವರ ವಯಸ್ಸು ೩೦. ಉಳಿದ ಉದ್ಯೋಗಗಳಲ್ಲಿ ಮನುಷ್ಯನು ಆಗತಾನೇ ನೆಲೆಯೂರುವ ವಯಸ್ಸಿಗೆ ಆಟಗಾರನ ಗಳಿಕೆಯ ಕಾಲ ಮುಗಿದಿರುತ್ತದೆ. ಹಿಂದೆ ಬೆಂಗಳೂರಿನ ಐ.ಟಿ.ಐ., ಎಚ್.ಎ.ಎಲ್. ಮುಂತಾದ ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಟ್ಟು ಆಡಿಸುತ್ತಿದ್ದವು. ಸಂಬಳ ಸಣ್ಣದಾದರೂ ಮುಪ್ಪಿನವರೆಗೆ ಆಸರೆ ಇತ್ತು. ಕ್ಲಬ್ಬುಗಳ ಕರಾರಿನಲ್ಲಿ ಹಣ ಹೆಚ್ಚು, ಭರವಸೆ ಕಡಿಮೆ. ಚಾಪ್‌ಮನ್ನರು ಆಡಿದ ತಂಡಗಳನ್ನೇ ನೋಡಿರಿ: ಎಫ್.ಸಿ. ಕೊಚ್ಚಿನ್ ಕೆಲವೇ ವರ್ಷಗಳಲ್ಲಿ ಹಣದ ಅಡಚಣೆಯಿಂದ ಮುಚ್ಚಿಹೋಯಿತು. ಮೊದಲ ಲೀಗನ್ನು ಗೆದ್ದ ಜೆ.ಸಿ.ಟಿ.ಯೂ ೨೦೧೧ರಲ್ಲಿ ವಿಸರ್ಜಿತವಾಯಿತು.

ಆದರೆ ಕಥೆಯು ೩೦ಕ್ಕೆ ಮುಗಿಯಲಿಲ್ಲ. ತಾವು ಕಲಿತ ಟಾಟಾ ಅಕಾಡೆಮಿಯಲ್ಲಿಯೇ ೨೦೦೨ರಲ್ಲಿ ಕಲಿಸುವವರಾಗಿ ಸೇರಿದರು. ಮುಂದೆ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋ, ಕಲಕತ್ತೆಯ ಭವಾನಿಪುರ ಮೊದಲಾದ ತಂಡಗಳಿಗೆ ಗುರುಗಳಾದರು. ಕೊನೆಗೆ ಕೋಯಿಕ್ಕೋಡಿನ ಕ್ವಾರ್ಟ್ಜ್ ತಂಡದ ಹೊಣೆ ಹೊತ್ತಿದ್ದರು. ಆಟಗಾರನಾಗಿ ಕಳೆದುದಕ್ಕಿಂತ ಹೆಚ್ಚು ವರ್ಷಗಳನ್ನು ಅವರು ಹುಡುಗರಿಗೆ ಕಲಿಸುವದರಲ್ಲಿ ಕಳೆದರು. ೨೦೨೦ನೆಯ ಅಕ್ಟೋಬರ ೧೨ರಂದು, ತಮ್ಮ ೪೯ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ತಾರುಣ್ಯದ ದೇಹಬಲವು ಆಯುಷ್ಯಕ್ಕೆ ಬರೆದುಕೊಟ್ಟ ಪತ್ರವಲ್ಲವೆಂಬುದನ್ನು ಅವರ ಮರಣವು ನೆನಪಿಸುವದು. ಗಟ್ಟಿಮುಟ್ಟಾಗಿರುವೆನೆಂದು ಎದೆನೋವನ್ನು ಅಸಡ್ಡೆ ಮಾಡುವದು ಆಟಗಾರನಿಗೂ ಸಲ್ಲದು, ಆಟವಾಡದವನಿಗೂ ಸಲ್ಲದು.

ಹಾಗಾದರೆ ಮಗನನ್ನು ಆಡಗೊಡಬೇಕೋ ಬೇಡವೋ? ಆಡಗೊಡಬೇಕೆಂಬುದೇ ನಮ್ಮ ಅಭಿಪ್ರಾಯ. ಆದರೆ ಎರಡು ಕಟ್ಟುಗಳೊಡನೆ. ಮೊದಲನೆಯದು, ಶಾಲೆ ತಪ್ಪಕೂಡದು. ರಾಜ್ಯದ ಕ್ರೀಡಾ ಇಲಾಖೆಯ ವಸತಿ ನಿಲಯಗಳಲ್ಲಿ ಓದೂ ಆಟವೂ ಜೊತೆಗೂಡಿ ನಡೆಯುವದರಿಂದ ಹಳ್ಳಿಯ ಹುಡುಗನಿಗೆ ಆ ಬಾಗಿಲನ್ನು ಮೊದಲು ತಟ್ಟುವದು ಒಳ್ಳೆಯದು. ಎರಡನೆಯದು, ೩೦ರ ನಂತರ ಏನೆಂಬುದನ್ನು ೧೫ರಲ್ಲಿಯೇ ಮನೆಯವರು ಕೂತು ಮಾತಾಡಬೇಕು: ಕಲಿಸುವ ವಿದ್ಯೆಯೋ, ಕ್ರೀಡಾಪಟುಗಳಿಗಾಗಿ ಇರುವ ರೇಲ್ವೆಯ ನೌಕರಿಯೋ, ಊರಿನ ಹೊಲವೋ, ಯಾವದಾದರೂ ಒಂದು ಗೊತ್ತಿರಬೇಕು.

ರಾಷ್ಟ್ರೀಯ ತಂಡವನ್ನು ಮುಟ್ಟುವವನು ಲಕ್ಷಕ್ಕೊಬ್ಬ. ಉಳಿದವರು ಕಳೆದುಕೊಂಡರೆಂದು ಮಾತ್ರ ಬಗೆಯಲಾಗದು. ತನ್ನ ಕಾಲಿಗೆ ಬಂದ ಚೆಂಡನ್ನು ತನ್ನಲ್ಲಿಯೇ ಇಟ್ಟುಕೊಳ್ಳದೆ, ತನಗಿಂತ ಒಳ್ಳೆಯ ಜಾಗದಲ್ಲಿ ನಿಂತವನಿಗೆ ದಾಟಿಸುವ ಬುದ್ಧಿಯನ್ನು ನಡುಗಣದಲ್ಲಿ ಕಲಿತ ಹುಡುಗನು ಮುಂದೆ ಯಾವ ಮನೆಯ ಯಜಮಾನನಾದರೂ ಆ ಮನೆಗೆ ಕೇಡಿಲ್ಲ.